ಹೋದ ಹಂಗಾಮಿನ ಟ್ರೇಲರು

ಏಪ್ರಿಲ್ ಬಂತೆಂದರೆ ಜಮಖಂಡಿ–ಮುಧೋಳ ರಸ್ತೆ ತುಸು ಅಗಲವಾದಂತೆ ಕಾಣುತ್ತದೆ. ನವೆಂಬರಿನಿಂದ ಅಲ್ಲಿಯವರೆಗೆ ಅದು ಕಬ್ಬಿನ ಕೈಯಲ್ಲಿರುತ್ತದೆ. ಒಂದು ಟ್ರ್ಯಾಕ್ಟರಿಗೆ ಎರಡು ಟ್ರೇಲರು, ಎರಡರ ಮೇಲೂ ಮಾಳಿಗೆಯೆತ್ತರ ಕಬ್ಬು, ಡ್ರೈವರನ ತಲೆಯ ಮೇಲಿನ ಸ್ಪೀಕರಿನಲ್ಲಿ ಊರಿಗೆಲ್ಲ ಕೇಳುವ ಜನಪದ ಹಾಡು. ಒಂದು ಸಾಲು ಸಮೀರವಾಡಿಗೆ, ಒಂದು ಹಿರೇಪಡಸಲಗಿಗೆ, ಒಂದು ಮುಧೋಳದ ಕಡೆಗೆ. ಬೀಳಗಿ ಸೀಮೆಯದು ಬಾಡಗಂಡಿಗೆ. ಹಿಂದೆ ಸಿಕ್ಕಿಕೊಂಡ ಬಸ್ಸಿನವರು ಬೈಯುತ್ತಾರೆ, ಕಬ್ಬು ಹಿರಿದುಕೊಳ್ಳುವ ಹುಡುಗರು ಹಿಗ್ಗುತ್ತಾರೆ. ಕಾರ್ಖಾನೆಗಳ ಹಂಗಾಮು ಮುಗಿದು ಚಿಮಣಿಗಳು ತಣ್ಣಗಾದ ಮೇಲೆಯೇ ರಸ್ತೆಬದಿಯ ಟ್ರೇಲರ್ ಅಂಗಡಿಗಳು ಕಣ್ಣಿಗೆ ಬೀಳುವುದು. ಹೊಸ ಟ್ರೇಲರುಗಳು ಕೆಂಪು, ನೀಲಿ, ಹಳದಿ ಬಣ್ಣ ಬಳಿದುಕೊಂಡು ಸಾಲಾಗಿ ನಿಂತಿರುತ್ತವೆ. ಆ ಸಾಲಿನ ತುದಿಗೆ, ಬೇವಿನ ಗಿಡದ ಬುಡದಲ್ಲಿ, ಬಣ್ಣ ಬಿಸಿಲಿಗೆ ಮಂಕಾದ ಒಂದೆರಡು ಇದ್ದೇ ಇರುತ್ತವೆ. ಮೂಗು ನೆಲಕ್ಕೂರಿ, ಹುಕ್ಕಿನ ಮೇಲೆ ಅಂಗಡಿಯ ಹುಡುಗನ ಅಂಗಿ ಒಣಗಿಸಿಕೊಂಡು ನಿಂತ ಅವು ಹೋದ ಹಂಗಾಮಿನವು, ಇಲ್ಲವೇ ಅದರ ಹಿಂದಿನವು.

ನಮ್ಮ ಅಣ್ಣನ ಕಣ್ಣು ಅಂಥದರ ಮೇಲೆಯೇ ಬಿತ್ತು. ಮನೆಯಲ್ಲಿ ದೊಡ್ಡ ಟ್ರೇಲರು ಇತ್ತು. ಆದರೆ ಅದು ಕಬ್ಬಿನ ಸೇವೆಗೆ ಸಂದದ್ದು. ಬಾದಾಮಿಯ ಬನಶಂಕರಿ ಜಾತ್ರೆ ಬನದ ಹುಣ್ಣಿಮೆಗೆ, ಅಂದರೆ ಜನವರಿಯಲ್ಲಿ, ಹಂಗಾಮಿನ ನಟ್ಟನಡುವೆ ಬರುತ್ತದೆ. ಸವದತ್ತಿಯ ಎಲ್ಲಮ್ಮ, ಚಿಂಚಲಿಯ ಮಾಯಕ್ಕ ಭಾರತ ಹುಣ್ಣಿಮೆಯವರು. ಆಗಲೂ ಕಬ್ಬು ಹೊಲದಲ್ಲೇ ಇರುತ್ತದೆ. ಕಬ್ಬು ಕಡಿಯುವ ಗ್ಯಾಂಗು ಹೊಲಕ್ಕಿಳಿಯುವುದೂ ದೇವಿಯ ಹುಣ್ಣಿಮೆ ಬರುವುದೂ ಒಂದೇ ವಾರಕ್ಕೆ. ಗ್ಯಾಂಗು ಕಾಯುವುದಿಲ್ಲ, ದೇವಿ ಕಾಯುತ್ತಾಳೆ. ಹೀಗೆ ಎಷ್ಟೋ ಹುಣ್ಣಿಮೆ ಮನೆಯಲ್ಲೇ ಕೈಮುಗಿದ ಅತ್ತಿಗೆ ಒಂದು ದಿನ, ‘ಕಬ್ಬಿಗೆ ಒಂದ್ ಟ್ರೇಲರ್ ಐತಿ, ಮನಿ ಮಂದಿಗೊಂದ್ ಬ್ಯಾಡೇನು?’ ಎಂದಳು. ಕಬ್ಬು ಹೊರದ ಟ್ರೇಲರು ಕೊಳ್ಳುವುದೆಂದರೆ ನಮ್ಮ ಕಡೆ ಹಾಲು ಕೊಡದ ಎಮ್ಮೆ ಕಟ್ಟಿದಂತೆ. ಊರು ನಕ್ಕಿತು. ಅಣ್ಣ ನಗುವವರ ಜೊತೆ ತಾನೂ ನಕ್ಕು ನನ್ನನ್ನು ಕರೆದುಕೊಂಡು ಅಂಗಡಿಗೆ ಹೊರಟ.

ಬೇವಿನ ಗಿಡದ ಕೆಳಗಿದ್ದದ್ದು ಒಂದೇ ಎಕ್ಸಲ್ಲಿನ, ಎರಡೇ ಗಾಲಿಯ ಟ್ರೇಲರು. ಈಗ ಅದನ್ನು ಕೇಳುವವರಿಲ್ಲ. ಕಬ್ಬಿನವರಿಗೆ ನಾಲ್ಕು ಗಾಲಿಯದು, ಟರ್ನ್ ಟೇಬಲ್ಲಿನದು, ಉದ್ದನೆಯದು ಬೇಕು.

‘ಎಷ್ಟರ ಮಾಡೆಲ್ರೀ ಸಾವುಕಾರ್ರ ಇದು?’

‘ಇಪ್ಪತ್ಮೂರರದು ಗೌಡ್ರ. ಆದ್ರ ಒಂದ್ ಗಣಿಕಿ ಕಬ್ಬ ಸೈತ ಹೊತ್ತಿಲ್ಲ ನೋಡ್ರಿ.’

‘ಯಾಕ ಹೊತ್ತಿಲ್ಲ?’

‘ಹೊರಸವ್ರ ಬರಲಿಲ್ಲ.’

ಉತ್ತರದಲ್ಲಿ ಸುಳ್ಳಿರಲಿಲ್ಲ. 2023ರಲ್ಲಿ ಮಳೆ ಕೈಕೊಟ್ಟಿತು. ರಾಜ್ಯದ ಇನ್ನೂರಕ್ಕೂ ಹೆಚ್ಚು ತಾಲ್ಲೂಕುಗಳನ್ನು ಸರ್ಕಾರ ಬರಪೀಡಿತ ಎಂದು ಸಾರಿದ ವರ್ಷ ಅದು. ನೀರಿಲ್ಲದೆ ಸೊರಗಿದ ಕಬ್ಬನ್ನು ದನಕ್ಕೆ ಹಾಕಿದವರೂ ಉಂಟು. ಮುಂಗಡ ಕೊಟ್ಟು ಟ್ರೇಲರ್ ಮಾಡಿಸಿದವರು ಮುಂಗಡ ಬಿಟ್ಟರು. ಮರುವರ್ಷ ಮಳೆಯಾಯಿತು, ಕಬ್ಬೂ ಬೆಳೆಯಿತು. ಅಷ್ಟೊತ್ತಿಗೆ ಕೊಳ್ಳುವವರ ಕಣ್ಣು ಇನ್ನೂ ದೊಡ್ಡದರ ಮೇಲೆ ಹೋಗಿತ್ತು.

ಮಾಡೆಲ್ ಎಂಬುದು ಎಲ್ಲಿ ಕೂತಿರುತ್ತದೆ ಎಂದು ಆ ಟ್ರೇಲರಿನ ಸುತ್ತ ತಿರುಗುತ್ತ ಯೋಚಿಸಿದೆ. ಟ್ರೇಲರಿಗೆ ಟ್ರ್ಯಾಕ್ಟರಿನದಲ್ಲದೆ ತನ್ನದೇ ಆದ ನಂಬರು ಇರುತ್ತದೆ. ಜಮಖಂಡಿಯ ಸಾರಿಗೆ ಕಚೇರಿಯಾದರೆ ಕೆಎ–48. ಅಲ್ಲಿ ಕೊಡುವ ಆರ್‌ಸಿಯಲ್ಲಿ ನೋಂದಣಿಯ ದಿನ ಒಂದು ಕಡೆ, ತಯಾರಾದ ತಿಂಗಳು–ವರ್ಷ ಇನ್ನೊಂದು ಕಡೆ. ನೀವು ಇವತ್ತು ಹೂವಿನ ಮಾಲೆ ಹಾಕಿ ಮನೆಗೆ ತಂದರೂ ಕಾಗದದಲ್ಲಿ ಅದಕ್ಕೆ ಆಗಲೇ ವಯಸ್ಸಾಗಿರುತ್ತದೆ. ಮುಂದೆ ಮಾರುವಾಗ ದಲಾಲಿ ಮೊದಲು ಬೆರಳಿಡುವುದು ಆ ವರ್ಷದ ಮೇಲೆಯೇ. ಮಾರುವವನಿಗೆ ಅದು ನಷ್ಟ. ಮಾರದವನಿಗೆ? ಅಣ್ಣ ತನ್ನ ಜೀವಮಾನದಲ್ಲಿ ಮಾರಿದ್ದು ಬೆಳೆಯೊಂದನ್ನೇ. ನಮ್ಮಪ್ಪನ ಕಾಲದ ಕೂರಿಗೆ ಇನ್ನೂ ಅಟ್ಟದ ಮೇಲಿದೆ.

ಎಂಜಿನ್ ಇರುವ ಗಾಡಿಗಳ ಮಾತು ಬೇರೆ. 2017ರ ಮಾರ್ಚ್ 29ರಂದು ಸುಪ್ರೀಂ ಕೋರ್ಟು ಏಪ್ರಿಲ್ 1ರಿಂದ ಬಿಎಸ್–3 ಗಾಡಿ ಮಾರಕೂಡದು ಎಂದಾಗ ಉಳಿದದ್ದು ಎರಡೇ ದಿನ. ಸಾವಿರಾರು ರೂಪಾಯಿ ಇಳಿಸಿದರು ಎಂಬ ಸುದ್ದಿ ಕೇಳಿ ಬೈಕಿನ ಶೋರೂಮುಗಳ ಮುಂದೆ ಜನ ಜಾತ್ರೆಗೆ ನೆರೆದಂತೆ ನೆರೆದರು. ಇದ್ದಕ್ಕಿದ್ದಂತೆ ಎಲ್ಲರಿಗೂ ಹಳೇ ಮಾಡೆಲ್ ಬೇಕಾಗಿತ್ತು. ಟ್ರೇಲರಿಗೆ ಹೊಗೆಯೇ ಇಲ್ಲ. ಹೊಗೆಯ ಕಾನೂನು ಅದನ್ನು ಮುಟ್ಟದು. ಅದರಲ್ಲಿ ನಿಂತಲ್ಲೇ ಮುದಿಯಾಗುವುದು ರಬ್ಬರು, ಗ್ರೀಸು, ಬಣ್ಣ. ಕಬ್ಬಿಣ ತುಕ್ಕು ಹಿಡಿಯದಿದ್ದರೆ ವರ್ಷ ಎಣಿಸುವುದಿಲ್ಲ.

ಹಾಗಾಗಿ ಅಣ್ಣ ಪತ್ರಾ ತಟ್ಟಿ ನೋಡುವ ಮೊದಲು ಕುಕ್ಕರಗಾಲಲ್ಲಿ ಕೂತು ಟಾಯರು ಓದಿದ. ಟಾಯರಿನ ಬದಿಯಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ. ಮೊದಲಿನ ಎರಡು ವಾರ, ಆಮೇಲಿನ ಎರಡು ವರ್ಷ. ಇದರಲ್ಲಿ 3423 ಇತ್ತು. ಅಂದರೆ 2023ರ ಮೂವತ್ನಾಲ್ಕನೆಯ ವಾರ. ಸಾವುಕಾರನ ಮಾತಿಗೂ ಟಾಯರಿನ ಮಾತಿಗೂ ತಾಳೆಯಾಯಿತು. ಬಿಸಿಲಿಗೆ ಮುಖಮಾಡಿದ ಟಾಯರಿನಲ್ಲಿ ಕೂದಲೆಳೆಯ ಬಿರುಕು ಇದ್ದವು, ನೆರಳಿನ ಕಡೆಯದು ನುಣ್ಣಗಿತ್ತು. ಎರಡು ವರ್ಷ ಒಂದೇ ಕಡೆ ಭಾರ ಹೊತ್ತು ನಿಂತ ಗಾಲಿಯ ಕೆಳಭಾಗ ಚಪ್ಪಟೆಯಾಗಿರುತ್ತದೆ, ಅದನ್ನು ತಿರುಗಿಸಿಯೇ ನೋಡಬೇಕು. ಜಾಕು ಕೊಟ್ಟು ಎತ್ತಿಸಿ ಗಾಲಿ ತಿರುಗಿಸಿದಾಗ ಬೇರಿಂಗಿನಿಂದ ಒಣ ಸದ್ದು ಬಂತು. ಗ್ರೀಸು ಗಟ್ಟಿಯಾಗಿತ್ತು. ಆಮೇಲೆ ಪಾಟಾದ ಎಲೆಗಳ ನಡುವೆ ಉಗುರು ಹಾಕಿದ, ಚಾನಲ್ಲಿನ ಬೆಸುಗೆಯ ಮೇಲೆ ಬೆರಳೆಳೆದ, ಹುಕ್ಕಿನ ಕಣ್ಣಿನಲ್ಲಿ ಪಿನ್ನು ಇಳಿಸಿ ಅಲ್ಲಾಡಿಸಿದ. ಹಿಂದಿನ ಬಾಗಿಲು ತೆಗೆದು ಮುಚ್ಚಿ, ತೆಗೆದು ಮುಚ್ಚಿ, ಅದರ ಕೊಂಡಿ ತನ್ನಷ್ಟಕ್ಕೆ ಕಳಚುತ್ತದೋ ಎಂದು ಕಾದ. ಹಾಸಿನ ಮೂಲೆಯಲ್ಲಿ ಮಳೆನೀರು ನಿಂತ ಕಡೆ ಒಂದು ಅಂಗೈಯಗಲ ತುಕ್ಕು ಸಿಕ್ಕಿತು. ಅದು ಸಿಕ್ಕಿದ್ದು ಅವನಿಗೆ ಬಲು ಸಂತೋಷ. ಚೌಕಾಸಿಗೆ ಕೈಹಿಡಿಕೆ ಬೇಕಲ್ಲ.

ದನದ ಸಂತೆಯಲ್ಲಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ಬೆಲೆ ಹೇಳುವುದನ್ನು ಕಂಡವರಿಗೆ ಟ್ರೇಲರಿನ ವ್ಯವಹಾರ ಸಪ್ಪೆ. ಇಲ್ಲಿ ಎಲ್ಲ ಬಾಯಲ್ಲೇ. ಆದರೂ ಚಹಾ ಬಂತು, ಎರಡನೆಯ ಚಹಾ ಬಂತು, ಮಧ್ಯೆ ಅಣ್ಣ ಎದ್ದು ಹೊರಟ ನಾಟಕವೂ ಆಯಿತು. ಸಾವುಕಾರನಿಗೆ ಅದು ದುಡ್ಡು ಮುರಿದುಕೊಂಡು ನಿಂತ ಕಬ್ಬಿಣ. ಬ್ಯಾಂಕಿನ ಬಡ್ಡಿ ಅದರ ನೆರಳಿನಲ್ಲಿ ಮಲಗಿತ್ತು. ಜೂನ್ ಮುಗಿದರೆ ಮುಂದಿನ ಹಂಗಾಮಿಗೆ ಹೊಸ ಕೆಲಸ ಹಿಡಿಯಲು ಜಾಗ ಬೇಕು. ಇದು ಗೊತ್ತಿದ್ದ ಅಣ್ಣ, ಇದು ತನಗೆ ಗೊತ್ತಿದೆ ಎಂದು ಸಾವುಕಾರನಿಗೆ ಗೊತ್ತಾಗುವಷ್ಟೇ ಮಾತಾಡಿದ. ಕೊನೆಗೆ ಹೊಸದಕ್ಕೂ ಇದಕ್ಕೂ ಒಂದು ಒಳ್ಳೆಯ ಆಕಳಿನ ಬೆಲೆಯಷ್ಟು ಅಂತರ ಬಿತ್ತು. ಬಿರುಕಿನ ಟಾಯರು ಬದಲಿಸಿ, ಬೇರಿಂಗಿಗೆ ಹೊಸ ಗ್ರೀಸು ತುಂಬಿ, ತುಕ್ಕು ತಿಕ್ಕಿ ರೆಡ್ ಆಕ್ಸೈಡ್ ಹೊಡೆದು ಕೊಡುವುದೆಂದು ಒಪ್ಪಂದವಾಯಿತು.

ಬನಹಟ್ಟಿಯಲ್ಲಿರುವ ನಮ್ಮ ಅಕ್ಕನಿಗೆ ಸುದ್ದಿ ಮುಟ್ಟಿದಾಗ ಅವಳು ಕೇಳಿದ್ದು ಒಂದೇ ಮಾತು: ‘ಮಾಡೆಲ್ ಹಳೇದಾದ್ರ ಸೀರಿ ಹರೀತೈತೇನು?’ ಮಗ್ಗದ ಮನೆಗೆ ಕೊಟ್ಟ ಹೆಣ್ಣು. ರಬಕವಿ–ಬನಹಟ್ಟಿಯ ಓಣಿಗಳಲ್ಲಿ ಮಗ್ಗದ ಸದ್ದು ಕೇಳುತ್ತ ಬೆಳೆದ ಮಕ್ಕಳಿಗೂ ಮಾರಾಟವಾಗದೆ ಉಳಿದ ಸೀರೆಯ ಗಂಟು ಅಂದರೇನೆಂದು ತಿಳಿದಿರುತ್ತದೆ. ದೀಪಾವಳಿಗೆಂದು ನೇಯ್ದ ಅಂಚು ಯುಗಾದಿಗೆ ಹಳತಾಗಿರುತ್ತದೆ. ನೂಲು ಅದೇ, ಬಣ್ಣ ಅದೇ, ಬೆಲೆ ಮಾತ್ರ ಅರ್ಧ. ಆ ಅರ್ಧ ಬೆಲೆಗೆ ಕೊಂಡ ಸೀರೆ ಉಟ್ಟು ಹಳತಾದ ಮೇಲೆ ಕೌದಿಯಾಗುತ್ತದೆ. ಅಕ್ಕ ಆ ವರ್ಷ ಹೊಲಿದ ಎರಡು ಕೌದಿ ಟ್ರೇಲರಿಗೆಂದೇ ಬಂದವು.

ನಮ್ಮಪ್ಪನ ಕಾಲಕ್ಕೆ ಈ ಕೆಲಸ ಮಾಡುತ್ತಿದ್ದುದು ಕೊಲ್ಲಾರಿ ಬಂಡಿ. ಬಿದಿರಿನ ಕಮಾನು, ಮೇಲೆ ಜಾಡಿ, ಒಳಗೆ ಕಣಿಕೆ ಹಾಸಿ ಕೌದಿ, ಎತ್ತಿನ ಕೊರಳಿಗೆ ಗೆಜ್ಜೆಸರ. ಆಗ ನಮ್ಮ ಕಡೆ ಇಷ್ಟು ಕಬ್ಬೂ ಇರಲಿಲ್ಲ. 1989ರಲ್ಲಿ ಚಿಕ್ಕಪಡಸಲಗಿಯ ಹತ್ತಿರ ಸಿದ್ದು ನ್ಯಾಮಗೌಡರ ಮುಂದಾಳ್ತನದಲ್ಲಿ ರೈತರೇ ಹಣ ಹಾಕಿ, ಕಲ್ಲು ಹೊತ್ತು ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ಶ್ರಮಬಿಂದು ಸಾಗರ ಎಂದು ಅದಕ್ಕೆ ಹೆಸರು. ನೀರು ಬಂದ ಹಿಂದೆಯೇ ಕಬ್ಬು, ಕಬ್ಬಿನ ಹಿಂದೆ ಟ್ರ್ಯಾಕ್ಟರು, ಟ್ರ್ಯಾಕ್ಟರಿನ ಹಿಂದೆ ಟ್ರೇಲರು ಬಂತು. ಕೊಲ್ಲಾರಿ ಬಂಡಿ ಹಿತ್ತಲಲ್ಲಿ ಕೋಳಿಗಳ ಪಾಲಾಯಿತು.

ಆ ಹಳೆಯ ಕಮಾನನ್ನೇ ಅಣ್ಣ ಕಬ್ಬಿಣದ ಪೈಪಿನಲ್ಲಿ ಬಗ್ಗಿಸಿ ಟ್ರೇಲರಿಗೆ ಕೂರಿಸಿದ. ಮೇಲೆ ನೀಲಿ ತಾಡಪತ್ರಿ. ಒಳಗೆ ಕಣಿಕೆಯ ಬದಲು ಭತ್ತದ ಹುಲ್ಲು, ಅದು ಮೆತ್ತಗೆ. ಒಂದು ಬದಿಗೆ ನೀರಿನ ಡ್ರಮ್ಮು, ಇನ್ನೊಂದು ಬದಿಗೆ ಬುಟ್ಟಿ. ಬುಟ್ಟಿಯಲ್ಲಿ ಕಡಕ್ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಮಾದಲಿ, ಬಾಡಿಸಿದ ಬದನೆಕಾಯಿ, ಗಟ್ಟಿ ಮೊಸರು. ಮುಧೋಳ ದಾಟಿ ಘಟಪ್ರಭೆಯ ಸೇತುವೆ ಹತ್ತುವಾಗ ಹೆಂಗಸರು ನದಿಗೆ ಕಾಸು ಎಸೆದರು. ಲೋಕಾಪುರ ಬರುವಷ್ಟರಲ್ಲಿ ಬುಟ್ಟಿಯ ಮೇಲಿನ ಬಟ್ಟೆ ಸರಿದಿತ್ತು. ಟ್ರ್ಯಾಕ್ಟರಿನ ನಡಿಗೆಗೆ ಊರುಗಳು ತಮ್ಮ ಹೆಸರಿನ ಹಲಗೆಯ ಜೊತೆ ತಮ್ಮ ಅಡುಗೆಯ ವಾಸನೆಯನ್ನೂ ಕೊಡುತ್ತವೆ. ಕಾರಿನಲ್ಲಿ ಇದು ಸಿಗದು. ಬನಶಂಕರಿಯಲ್ಲಿ ನಾಟಕ ಕಂಪನಿಗಳ ಟೆಂಟುಗಳು ಸಾಲುಸಾಲು. ರಾತ್ರಿಯಿಡೀ ದೊಡ್ಡವರು ಒಂದು ನಾಟಕದಿಂದ ಇನ್ನೊಂದಕ್ಕೆ ಹೋಗುತ್ತಿದ್ದರೆ ಮಕ್ಕಳು ತಾಡಪತ್ರಿಯ ಕೆಳಗೆ ಒಬ್ಬರ ಮೇಲೊಬ್ಬರು ಕಾಲು ಹಾಕಿ ಮಲಗಿದ್ದವು.

ಅಮೆರಿಕದಲ್ಲಿರುವ ನಮ್ಮ ಅತ್ತೆಯ ಮಗ ಫೋನಿನಲ್ಲಿ ಇದರ ಫೋಟೋ ನೋಡಿ ಬಿದ್ದು ಬಿದ್ದು ನಕ್ಕ. ಅಲ್ಲಿ ಇದೇ ಒಂದು ದೊಡ್ಡ ವ್ಯಾಪಾರವಂತೆ. ಕಾರಿನ ಬೆನ್ನಿಗೆ ಗಾಲಿಯ ಮನೆ ಕಟ್ಟಿಕೊಂಡು ಹೋಗುವುದು. ಒಳಗೆ ಮಂಚ, ಒಲೆ, ಬಚ್ಚಲು ಎಲ್ಲ. ಏರ್‌ಸ್ಟ್ರೀಮ್ ಎಂಬ ಕಂಪನಿ 1936ರಲ್ಲೇ ಅಲ್ಯೂಮಿನಿಯಮ್ಮಿನ ಹೊಳೆಯುವ ಗಾಲಿಮನೆ ಮಾಡಿತು. ಅಲ್ಲಿಯೂ ಮುಂದಿನ ವರ್ಷದ ಮಾಡೆಲ್ ಈ ವರ್ಷದ ಮಧ್ಯದಲ್ಲೇ ಬಂದು ನಿಲ್ಲುತ್ತದೆ, ಮಾರದೆ ಉಳಿದ ಹಳತಿಗೆ ಬೆಲೆ ಇಳಿಸುತ್ತಾರೆ, ಜಾಣರು ಅದಕ್ಕಾಗಿಯೇ ಕಾದಿರುತ್ತಾರೆ. ಅವನೂ ಅಂಥದೇ ಒಂದನ್ನು ಕೊಂಡಿದ್ದಾನೆ. ಅವನದಕ್ಕೆ ಮೂವತ್ತು ಗುಂಡಿಗಳಿವೆ, ನಮ್ಮದಕ್ಕೆ ಒಂದು ಪಿನ್ನು.

ಟ್ರೇಲರಿನಲ್ಲಿ ಮನೆ ಹೂಡುವುದು ಎಲ್ಲರಿಗೂ ಜಾತ್ರೆಯಲ್ಲ. ಮಹಾರಾಷ್ಟ್ರದ ಬೀಡ ಕಡೆಯಿಂದ ಕಬ್ಬು ಕಡಿಯಲು ಬರುವ ಗ್ಯಾಂಗಿನವರು ಇಂಥದರಲ್ಲೇ ಪಾತ್ರೆ, ಕೋಳಿ, ಕೂಸು ಸಮೇತ ಬರುತ್ತಾರೆ. ಹಂಗಾಮು ಮುಗಿಯುವತನಕ ಕೊಪ್ಪೆಯಲ್ಲಿದ್ದು ಇಂಥದರಲ್ಲೇ ಹೋಗುತ್ತಾರೆ. ಆಲಮಟ್ಟಿಯ ಹಿನ್ನೀರು ಬಂದಾಗ ಬೀಳಗಿ ಸೀಮೆಯ ಊರುಗಳವರು ಬಾಗಿಲು, ಚೌಕಟ್ಟು, ತೊಲೆ, ಬೀಸುವ ಕಲ್ಲು ಎಲ್ಲವನ್ನೂ ಟ್ರೇಲರಿಗೆ ಹೇರಿ ಪುನರ್ವಸತಿಯ ಜಾಗಕ್ಕೆ ನಡೆದರು. ಅಣೆಕಟ್ಟಿನ ಮಟ್ಟವನ್ನು 519.6 ಮೀಟರಿನಿಂದ 524.256ಕ್ಕೆ ಏರಿಸುವ ಮಾತು ಇನ್ನೂ ನಡೆದೇ ಇದೆ. 2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ ಎರಡೂ ಉಕ್ಕಿದಾಗ ನದಿದಂಡೆಯ ಎಷ್ಟೋ ಮನೆಗಳು ರಾತ್ರೋರಾತ್ರಿ ಟ್ರೇಲರು ಹತ್ತಿದವು. ಆಗ ಯಾರೂ ಮಾಡೆಲ್ ಕೇಳಲಿಲ್ಲ.

ಇನ್ನೊಂದು ಗುಣ ಹೇಳದಿದ್ದರೆ ಎರಡು ಗಾಲಿಯದಕ್ಕೆ ಅನ್ಯಾಯ. ಟ್ರೇಲರ್ ಕಟ್ಟಿದ ಟ್ರ್ಯಾಕ್ಟರನ್ನು ಹಿಂದಕ್ಕೆ ಓಡಿಸುವುದು ನಮ್ಮ ಜಾತ್ರೆಗಳಲ್ಲಿ ಪಂದ್ಯವೇ ಆಗಿದೆ. ಸ್ಟೇರಿಂಗ್ ಎಡಕ್ಕೆ ತಿರುಗಿಸಿದರೆ ಟ್ರೇಲರಿನ ಹಿಂಬದಿ ಬಲಕ್ಕೆ ಸರಿಯುತ್ತದೆ. ನಾಲ್ಕು ಗಾಲಿಯದರಲ್ಲಿ ಟರ್ನ್ ಟೇಬಲ್ ಕೂಡ ತಿರುಗಿ ಲೆಕ್ಕ ಮತ್ತೆ ತಲೆಕೆಳಗಾಗುತ್ತದೆ. ಎರಡು ಗಾಲಿಯದು ಇಷ್ಟು ಸತಾಯಿಸದು. ಜಾತ್ರೆಯ ಇಕ್ಕಟ್ಟಿನಲ್ಲಿ ಅಣ್ಣ ಅದನ್ನು ಎರಡು ಬಂಡಿಗಳ ನಡುವೆ ಹಿಂದಕ್ಕೆ ಸರಿಸಿ ನಿಲ್ಲಿಸಿದಾಗ ಪಕ್ಕದ ದೊಡ್ಡ ಟ್ರೇಲರಿನವರು ಕೆಳಗಿಳಿದು ನೋಡಿದರು.

ಸಂತೋಷದ ಜೊತೆ ಒಂದು ಅಳುಕೂ ಇದೆ. ಸರಕಿನ ಟ್ರೇಲರಿನಲ್ಲಿ ಜನ ಕೂರುವುದನ್ನು ಕಾನೂನು ಒಪ್ಪುವುದಿಲ್ಲ. ಅಪಘಾತವಾದರೆ ವಿಮೆಯವರು ಮೊದಲು ಎತ್ತುವ ಮಾತು ಅದೇ. ಹೀಗಾಗಿ ಈಗ ಟ್ರೇಲರಿನಲ್ಲಿ ಹುಲ್ಲು, ಕೌದಿ, ಬುಟ್ಟಿ, ಒಲೆ ಮುಂದೆ ಹೋಗುತ್ತವೆ, ಮಂದಿ ಬಸ್ಸಿನಲ್ಲಿ ಹಿಂದೆ ಹೋಗಿ ಜಾತ್ರೆಯ ಬಯಲಿನಲ್ಲಿ ಕೂಡಿಕೊಳ್ಳುತ್ತಾರೆ. ಮಕ್ಕಳಿಗೆ ಈ ಏರ್ಪಾಡು ಒಪ್ಪಿಗೆಯಿಲ್ಲ. ನನಗೂ ಪೂರ್ತಿ ಇಲ್ಲ. ಆದರೆ ಅದೇ ಸರಿ.

ಹಳೇ ಮಾಡೆಲ್ ಕೊಳ್ಳುವ ಮನಸ್ಸಿದ್ದವರು ಮೇ ತಿಂಗಳೊಳಗೆ ಹೋಗಿ. ಬಣ್ಣ ಆಮೇಲೆ, ಮೊದಲು ಟಾಯರಿನ ನಾಲ್ಕು ಅಂಕಿ ಓದಿ, ಗಾಲಿ ಎತ್ತಿಸಿ ತಿರುಗಿಸಿ ನೋಡಿ. ಬೆಲೆಯಲ್ಲಿ ಎಷ್ಟು ಬೇಕಾದರೂ ಜಗ್ಗಾಡಿ. ಹಿಂದಿನ ಬಾಗಿಲಿಗೆ ಕೆಂಪು ರೇಡಿಯಂ ಪಟ್ಟಿ ಹಚ್ಚಿಸದೆ ಮಾತ್ರ ಅಂಗಡಿಯಿಂದ ಗಾಡಿ ಎಳೆಯಬೇಡಿ. ರಾತ್ರಿ ಲೋಕಾಪುರದ ರಸ್ತೆಯಲ್ಲಿ ದೀಪವಿಲ್ಲದೆ ನಿಂತ ಟ್ರೇಲರು ಹಿಂದಿನಿಂದ ಬರುವ ಬೈಕಿನವನಿಗೆ ಕಾಣುವುದೇ ಇಲ್ಲ.