ಹಿಮ ಬೀಳುವ ಮುಂಚೆ ಸಂತೆ ಮುಗಿಸುವ ಊರು

ಅಮೆರಿಕದ ಬಫಲೋ ನಗರದಲ್ಲಿ ಭಾರೀ ಹಿಮ ಬೀಳಲಿದೆ ಎಂದು ಹವಾಮಾನ ಇಲಾಖೆ ತಿಳಿಸಿದ ಸಂಜೆ ದಿನಸಿ ಅಂಗಡಿಗಳ ಮುಂದೆ ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ. ಒಳಗೆ ಮೊದಲು ಖಾಲಿಯಾಗುವುದು ಹಾಲು, ಬ್ರೆಡ್ಡು, ಮೊಟ್ಟೆ. ಆಮೇಲೆ ಟಾರ್ಚಿನ ಸೆಲ್ಲು, ಕುಡಿಯುವ ನೀರು, ಹಸುಗೂಸುಗಳ ಹಾಲಿನ ಪುಡಿ. ಕಬ್ಬಿಣದ ಸಾಮಾನಿನ ಅಂಗಡಿಯಲ್ಲಿ ಹಿಮ ಎತ್ತುವ ಸಲಿಕೆಗೂ ಮೆಟ್ಟಿಲಿಗೆ ಚೆಲ್ಲುವ ಉಪ್ಪಿನ ಚೀಲಕ್ಕೂ ಬೇಡಿಕೆ. ಔಷಧದ ಅಂಗಡಿಯಲ್ಲಿ ರಕ್ತದೊತ್ತಡ, ಸಕ್ಕರೆ ಕಾಯಿಲೆಯ ಮಾತ್ರೆಗಾಗಿ ವಯಸ್ಸಾದವರ ಸಾಲು. ಹೊಸದಾಗಿ ಬಂದವರಿಗೆ ಊರಿಗೆ ಊರೇ ಗಾಬರಿಗೊಂಡಂತೆ ಕಾಣುತ್ತದೆ. ಹಳಬರ ಮುಖದಲ್ಲಿ ಮಾತ್ರ ಗಾಬರಿಯ ಸುಳಿವಿಲ್ಲ. ನಾಳೆ ಅಂಗಡಿಗೆ ಬರಲಾಗದು ಎಂಬುದು ಅವರಿಗೆ ಗೊತ್ತು, ಅಷ್ಟೇ.

ಬಫಲೋ ನ್ಯೂಯಾರ್ಕ್ ರಾಜ್ಯದ ಎರಡನೆಯ ದೊಡ್ಡ ನಗರ. ಜಗತ್ಪ್ರಸಿದ್ಧ ನಯಾಗರ ಜಲಪಾತ ಇಲ್ಲಿಂದ ಸುಮಾರು 30 ಕಿ.ಮೀ. ದೂರ. ಪ್ರವಾಸಿಗರು ಜಲಪಾತ ನೋಡಿ ಹಿಂದಿರುಗುತ್ತಾರೆ. ಇಲ್ಲೇ ಬಾಳುವವರಿಗೆ ಜಲಪಾತಕ್ಕಿಂತ ಮುಖ್ಯವಾದದ್ದು ಊರಿನ ಪಶ್ಚಿಮಕ್ಕೆ ಹರಡಿಕೊಂಡಿರುವ ಈರಿ ಸರೋವರ. ವರ್ಷಕ್ಕೆ ಸರಾಸರಿ 240 ಸೆಂ.ಮೀ.ನಷ್ಟು ಹಿಮ ಬೀಳುವ ಈ ಊರಿನ ಚಳಿಗಾಲದ ದಿನಚರಿಯನ್ನು ನಿರ್ಧರಿಸುವುದು ಆ ಸರೋವರವೇ.

ಸರೋವರದ ಕೈವಾಡ

ಈರಿ ಸರೋವರದ ಉದ್ದ 388 ಕಿ.ಮೀ. ಸರಾಸರಿ ಆಳ ಮಾತ್ರ ಬರೀ 19 ಮೀಟರ್. ನೆಲಕ್ಕಿಂತ ನೀರು ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ತಣಿಯುತ್ತದೆ ಎಂಬುದನ್ನು ಮಾಧ್ಯಮಿಕ ಶಾಲೆಯ ಮಕ್ಕಳೂ ಬಲ್ಲರು. ನವೆಂಬರ್ ಹೊತ್ತಿಗೆ ಸುತ್ತಲಿನ ನೆಲ ಕೊರೆಯುತ್ತಿದ್ದರೂ ಸರೋವರದಲ್ಲಿ ಬೇಸಿಗೆಯ ಶಾಖ ಇನ್ನೂ ಉಳಿದಿರುತ್ತದೆ. ಆಗ ಉತ್ತರದಿಂದ ಇಳಿದು ಬಂದ ಶೀತಲ ಗಾಳಿ ನೀರಿನ ಮೇಲೆ ಹಾಯುತ್ತ ಶಾಖವನ್ನೂ ನೀರಾವಿಯನ್ನೂ ಹೀರಿಕೊಳ್ಳುತ್ತದೆ. ಬೆಚ್ಚಗಾದ ಗಾಳಿ ಹಗುರವಾಗಿ ಮೇಲೇರುತ್ತದೆ, ಮೇಲೆ ತಣಿಯುತ್ತದೆ, ಹೊತ್ತು ತಂದ ಆವಿಯನ್ನೆಲ್ಲ ದಡದ ಊರುಗಳ ಮೇಲೆ ಹಿಮವಾಗಿ ಸುರಿಯುತ್ತದೆ. ನೀರಿನ ಮೇಲ್ಮೈಗಿಂತ ಸುಮಾರು ಒಂದೂವರೆ ಕಿ.ಮೀ. ಎತ್ತರದ ಗಾಳಿ 13 ಡಿಗ್ರಿ ಸೆಲ್ಸಿಯಸ್‌ನಷ್ಟಾದರೂ ತಣ್ಣಗಿದ್ದರೆ ಇಂಥ ಹಿಮಕ್ಕೆ ಹದವಾದ ಸ್ಥಿತಿ ಎಂದು ಹವಾಮಾನ ತಜ್ಞರು ಲೆಕ್ಕ ಹಾಕುತ್ತಾರೆ.

ಸರೋವರ ಪಶ್ಚಿಮ-ನೈಋತ್ಯದಿಂದ ಪೂರ್ವ-ಈಶಾನ್ಯಕ್ಕೆ ಚಾಚಿದೆ. ಗಾಳಿ ಅದೇ ದಿಕ್ಕಿಗೆ ಬೀಸಿತೆಂದರೆ ಉದ್ದಕ್ಕೂ ನೀರಿನ ಮೇಲೆಯೇ ಓಡಿ ಬರುತ್ತದೆ. ಅದರ ಕೊನೆಯಲ್ಲಿ ಕಾದು ಕುಳಿತಿರುವುದು ಬಫಲೋ.

ಹಿಮ ಬೀಳುವುದು ಊರಿಡೀ ಸಮನಾಗಿ ಅಲ್ಲ, ಒಂದು ಪಟ್ಟಿಯಂತೆ. 2014ರ ನವೆಂಬರಿನಲ್ಲಿ ನಗರದ ದಕ್ಷಿಣದ ಬಡಾವಣೆಗಳಲ್ಲಿ ಐದು ಅಡಿಗೂ ಮೀರಿ ಹಿಮ ಬಿದ್ದು ಬಾಗಿಲು ತೆರೆಯದಂತಾಯಿತು. ಕೆಲವೇ ಕಿ.ಮೀ. ಉತ್ತರದಲ್ಲಿ ಬಿದ್ದದ್ದು ಕೆಲವು ಅಂಗುಲ ಮಾತ್ರ. ಅಲ್ಲಿನವರು ಎಂದಿನಂತೆ ಅಂಗಡಿಗೆ ಹೋಗಿ ಹಾಲು ತಂದರು. ದಕ್ಷಿಣದ ದಿಗಂತದಲ್ಲಿ ಬಿಳಿಯ ಗೋಡೆಯೊಂದು ಎದ್ದು ನಿಂತಿತ್ತು.

ಸಲಿಕೆಯ ಲೆಕ್ಕ

ಹಿಮ ನಿಂತ ಮೇಲಿನ ಮೊದಲ ಮನೆಗೆಲಸ ಅಂಗಳ ಬಿಡಿಸುವುದು. ಹತ್ತಿಯಂತೆ ಕಾಣುವ ಈ ವಸ್ತುವಿನ ತೂಕವನ್ನು ವಿದ್ಯಾರ್ಥಿಗಳು ಕಾಗದದ ಮೇಲೆ ಲೆಕ್ಕ ಹಾಕಿ ನೋಡಬಹುದು. ಸಾಮಾನ್ಯವಾಗಿ 10 ಸೆಂ.ಮೀ. ಹೊಸ ಹಿಮ ಕರಗಿದರೆ ಸುಮಾರು 1 ಸೆಂ.ಮೀ. ನೀರು. ಮನೆಯಿಂದ ರಸ್ತೆಗೆ 10 ಮೀಟರ್ ಉದ್ದ, 3 ಮೀಟರ್ ಅಗಲದ ದಾರಿಯಿದ್ದು, ಅದರ ಮೇಲೆ 30 ಸೆಂ.ಮೀ. ಹಿಮ ಕುಳಿತಿದೆ ಎನ್ನೋಣ. ಒಟ್ಟು 9 ಘನ ಮೀಟರ್. ತೂಕ ಸುಮಾರು 900 ಕೆ.ಜಿ. ಒಂದು ಪ್ಯಾಕೆಟ್ ಹಾಲಿಗಾಗಿ ಇಷ್ಟನ್ನು ಎತ್ತಿ ಹಾಕಬೇಕು! ಕೊರೆಯುವ ಗಾಳಿಯಲ್ಲಿ ರಕ್ತನಾಳಗಳು ಕುಗ್ಗಿರುತ್ತವೆ, ಹೃದಯಕ್ಕೆ ಭಾರ ಹೆಚ್ಚು. ಪ್ರತಿ ದೊಡ್ಡ ಹಿಮಪಾತದಲ್ಲೂ ಸಲಿಕೆ ಹಿಡಿದಲ್ಲೇ ಕುಸಿದು ಸತ್ತವರ ಸುದ್ದಿ ಬರುತ್ತದೆ.

ಮೆಟ್ಟಿಲಿಗೆ ಉಪ್ಪು ಚೆಲ್ಲುವುದಕ್ಕೂ ಕಾರಣವಿದೆ. ಉಪ್ಪು ಬೆರೆತ ನೀರು ಹೆಪ್ಪುಗಟ್ಟಲು ಸೊನ್ನೆ ಡಿಗ್ರಿಗಿಂತಲೂ ಕೆಳಗಿಳಿಯಬೇಕು. ಆದರೆ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗೆ ಹೋದರೆ ಅಡುಗೆ ಉಪ್ಪಿನ ಜಾತಿಯ ಉಪ್ಪು ಹೆಚ್ಚೇನೂ ಉಪಯೋಗಕ್ಕೆ ಬಾರದು. ಆಗ ಕ್ಯಾಲ್ಸಿಯಂ ಕ್ಲೋರೈಡ್ ಬಳಸುತ್ತಾರೆ. ವಾಹನ ಓಡದ ದಿನ ಮಕ್ಕಳ ಜಾರುಬಂಡಿಯೇ ಸಾಮಾನಿನ ಗಾಡಿಯಾಗುತ್ತದೆ.

ಹೊರಗೆ ಕಾಲಿಡಬಾರದ ಹೊತ್ತು

ಹಿಮಪಾತ ಬೇರೆ, ಹಿಮಬಿರುಗಾಳಿ ಬೇರೆ. ಗಂಟೆಗೆ 56 ಕಿ.ಮೀ. ಇಲ್ಲವೇ ಹೆಚ್ಚಿನ ವೇಗದ ಗಾಳಿ, 400 ಮೀಟರ್ ಆಚೆಗೆ ಏನೂ ಕಾಣದಷ್ಟು ಹಾರುವ ಹಿಮ, ಇವೆರಡೂ ಮೂರು ಗಂಟೆಯಾದರೂ ಮುಂದುವರಿದರೆ ಅಮೆರಿಕದ ಹವಾಮಾನ ಇಲಾಖೆ ಅದನ್ನು ಹಿಮಬಿರುಗಾಳಿ ಎನ್ನುತ್ತದೆ. ಇದಕ್ಕೆ ಆಕಾಶದಿಂದ ಹೆಚ್ಚು ಹಿಮ ಬೀಳಬೇಕೆಂದೂ ಇಲ್ಲ. 1977ರ ಜನವರಿ ಕೊನೆಯಲ್ಲಿ ಬಫಲೋದಲ್ಲಿ ಹೊಸದಾಗಿ ಬಿದ್ದದ್ದು ಒಂದಡಿಯ ಆಸುಪಾಸು. ಆದರೆ ಹೆಪ್ಪುಗಟ್ಟಿದ ಸರೋವರದ ಮೇಲೆ ವಾರಗಟ್ಟಲೆ ಕೂಡಿದ್ದ ಪುಡಿ ಹಿಮವನ್ನು ಗಂಟೆಗೆ 110 ಕಿ.ಮೀ. ಮುಟ್ಟಿದ ಗಾಳಿ ಎತ್ತಿ ತಂದು ಊರಿನ ಮೇಲೆ ಎರಚಿತು. ಆಗ 29 ಮಂದಿ ಸತ್ತರು. ಅವರಲ್ಲಿ ಹಲವರು ಹಿಮದಲ್ಲಿ ಹೂತ ಕಾರುಗಳಲ್ಲಿದ್ದವರು. ಹೊಗೆಕೊಳವೆಗೆ ಹಿಮ ಮುಚ್ಚಿಕೊಂಡ ಕಾರಿನಲ್ಲಿ ಬೆಚ್ಚಗಿರಲೆಂದು ಎಂಜಿನ್ ಓಡಿಸಿದರೆ, ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಒಳಗೆ ತುಂಬುತ್ತದೆ.

ಅದಕ್ಕಿಂತ ಭೀಕರವಾದದ್ದು 2022ರ ಕ್ರಿಸ್‌ಮಸ್ ಸಮಯದ ಬಿರುಗಾಳಿ. ಎಚ್ಚರಿಕೆ ಹಲವು ದಿನ ಮೊದಲೇ ಸಿಕ್ಕಿತ್ತು. ಆದರೆ ಡಿಸೆಂಬರ್ 23ರ ಬೆಳಿಗ್ಗೆ 9.30ಕ್ಕೆ ವಾಹನ ಸಂಚಾರ ನಿಷೇಧ ಜಾರಿಗೆ ಬರುವಷ್ಟರಲ್ಲಿ ಅನೇಕರು ಕೆಲಸಕ್ಕೆ ಹೊರಟುಹೋಗಿದ್ದರು. ಬಿರುಗಾಳಿಯ ಸ್ಥಿತಿ 37 ಗಂಟೆ ಬಿಡದೆ ನಿಂತಿತು. ವಿಮಾನ ನಿಲ್ದಾಣದಲ್ಲಿ ನಾಲ್ಕೈದು ದಿನಗಳಲ್ಲಿ ಅಳೆದ ಹಿಮ ಸುಮಾರು 132 ಸೆಂ.ಮೀ. ಆಂಬುಲೆನ್ಸ್, ಅಗ್ನಿಶಾಮಕ ವಾಹನ, ಹಿಮ ಗುಡಿಸುವ ಯಂತ್ರಗಳೂ ಸಿಕ್ಕಿಹಾಕಿಕೊಂಡವು. ವಿದ್ಯುತ್ ಹೋದ ಮನೆಗಳಲ್ಲಿ ಬಿಸಿಗಾಳಿ ಊದುವ ಯಂತ್ರವೂ ನಿಂತಿತು. ಸತ್ತವರು 40ಕ್ಕೂ ಹೆಚ್ಚು. ಕೆಲಸ ಮುಗಿಸಿ ಮನೆಗೆ ಹೊರಟವರು, ದಿನಸಿ ತರಲು ಹೋದವರು ಆ ಪಟ್ಟಿಯಲ್ಲಿದ್ದರು.

ತುಂಬಿದ ಅಡುಗೆಮನೆ

ಅದೇ ದಿನ ನಯಾಗರಕ್ಕೆ ಹೊರಟಿದ್ದ ದಕ್ಷಿಣ ಕೊರಿಯಾದ ಪ್ರವಾಸಿಗಳ ವ್ಯಾನು ಬಫಲೋ ಬಳಿ ಹಿಮದಲ್ಲಿ ಹೂತುಹೋಯಿತು. ಸಲಿಕೆ ಕೇಳಲು ಅವರು ಹತ್ತಿರದ ಮನೆಯ ಬಾಗಿಲು ತಟ್ಟಿದರು. ಆ ಮನೆಯ ದಂಪತಿ ಸಲಿಕೆ ಕೊಡುವ ಬದಲು ಚಾಲಕನೂ ಸೇರಿ ಹತ್ತು ಜನರನ್ನೂ ಒಳಗೆ ಕರೆದರು. ಹೊರಹೋಗಲಾಗದ ದಿನಗಳಿಗೆಂದು ಫ್ರಿಜ್ಜು ತುಂಬಿಸಿಟ್ಟಿದ್ದರು. ಕೊರಿಯಾದ ಅಡುಗೆ ಪ್ರಿಯರಾದ್ದರಿಂದ ಆ ನಾಡಿನ ಮೆಣಸಿನ ಗೊಜ್ಜು, ಸೋಯಾ ಸಾಸ್, ಅನ್ನದ ಕುಕ್ಕರೂ ಇದ್ದವು. ಅತಿಥಿಗಳೇ ಅಡುಗೆ ಮಾಡಿದರು. ಎರಡು ಜನಕ್ಕೆಂದು ತಂದ ಸಾಮಾನು ಹನ್ನೆರಡು ಜನರ ಹೊಟ್ಟೆ ತುಂಬಿಸಿತು.

ಇನ್ನೊಂದು ಕಡೆ, ಸಿಕ್ಕಿಬಿದ್ದ ಗೆಳೆಯನ ನೆರವಿಗೆ ಹೊರಟ ಮೆಕ್ಯಾನಿಕ್ ಒಬ್ಬ ತಾನೇ ಸಿಕ್ಕಿಬಿದ್ದ. ಹಲವು ಮನೆಗಳ ಬಾಗಿಲು ತಟ್ಟಿದರೂ ಯಾರೂ ತೆರೆಯಲಿಲ್ಲ. ಕೊನೆಗೆ ಒಂದು ಶಾಲೆಯ ಕಿಟಕಿ ಒಡೆದು ಒಳಹೊಕ್ಕು, ಹೊರಗೆ ಕಾರುಗಳಲ್ಲಿ ನಡುಗುತ್ತಿದ್ದ ಇಪ್ಪತ್ತಕ್ಕೂ ಹೆಚ್ಚು ಮಂದಿಯನ್ನು ಕರೆತಂದ. ಶಾಲೆಯ ಅಡುಗೆಮನೆಯಲ್ಲಿದ್ದುದನ್ನು ಎಲ್ಲರೂ ಹಂಚಿಕೊಂಡರು. ಹೊರಡುವಾಗ ಕಿಟಕಿಗಾಗಿ ಕ್ಷಮೆ ಕೇಳಿ ಚೀಟಿ ಬರೆದಿಟ್ಟ.

ಮುನ್ನಾ ದಿನದ ಸಂತೆ ಎಲ್ಲರ ಕೈಗೂ ಎಟುಕುವುದಿಲ್ಲ ಎಂಬುದನ್ನೂ ಆ ಬಿರುಗಾಳಿ ತೋರಿಸಿತು. ವಾರಕ್ಕಾಗುವ ದಿನಸಿ ತರಲು ಕೈಯಲ್ಲಿ ಹಣ ಬೇಕು, ಹೊತ್ತು ತರಲು ಕಾರು ಬೇಕು, ಕೆಲಸದಿಂದ ಬಿಡುವೂ ಬೇಕು. ನಗರದ ಪೂರ್ವ ಭಾಗದ ಬಡವರ ಬಡಾವಣೆಗಳಲ್ಲಿ ದೊಡ್ಡ ದಿನಸಿ ಅಂಗಡಿಗಳೇ ವಿರಳ. ಸಾವುಗಳಲ್ಲಿ ದೊಡ್ಡ ಪಾಲು ಕಪ್ಪು ಜನಾಂಗದವರದು. ಹಿಮ ಎಲ್ಲರ ಮೇಲೂ ಬೀಳುತ್ತದೆ. ಮೂರನೆಯ ದಿನ ಹಸಿದು ಬಾಗಿಲು ತೆರೆಯಬೇಕಾಗಿ ಬರುವುದು ಕೆಲವರಿಗೆ ಮಾತ್ರ.

ಬಫಲೋದ ವಿಶ್ವವಿದ್ಯಾಲಯಕ್ಕೆ ಕರ್ನಾಟಕದಿಂದಲೂ ವಿದ್ಯಾರ್ಥಿಗಳು ಹೋಗುತ್ತಾರೆ. ಮೊದಲ ವರ್ಷ ಹೆಚ್ಚಿನವರಲ್ಲಿ ಕಾರಿರುವುದಿಲ್ಲ. ಬಸ್ಸನ್ನೋ ಹಿರಿಯ ವಿದ್ಯಾರ್ಥಿಗಳ ಕಾರನ್ನೋ ನಂಬಿ ಅಕ್ಕಿ, ತೊಗರಿಬೇಳೆ ತಂದುಕೊಳ್ಳಬೇಕು. ಇಲ್ಲಿಂದ ಫೋನು ಮಾಡುವ ತಂದೆತಾಯಿ ಸ್ವೆಟರ್ ಹಾಕಿಕೊಂಡೆಯಾ ಎಂದು ಕೇಳುವುದು ಸಹಜ. ಮನೆಯಲ್ಲಿ ಅಕ್ಕಿ ಎಷ್ಟಿದೆ, ಮಾತ್ರೆ ಇನ್ನೆಷ್ಟು ದಿನಕ್ಕಿದೆ, ಪಕ್ಕದ ಮನೆಯವರ ಫೋನ್ ನಂಬರು ಬರೆದಿಟ್ಟುಕೊಂಡಿದ್ದೀಯಾ ಎಂದೂ ಜೊತೆಗೆ ಕೇಳಿದರೆ ಒಳ್ಳೆಯದು.