ಶಿವಗಂಗೆಯ ದಾರಿಯಲ್ಲಿ ಕಲಿತ ಪಾಠ

ನೆಲಮಂಗಲ ತಾಲ್ಲೂಕಿನಲ್ಲಿರುವ ಶಿವಗಂಗೆಯು ದಕ್ಷಿಣ ಕಾಶಿಯೆಂದು ಹೆಸರಾದ ಪುಣ್ಯಕ್ಷೇತ್ರ. ಈ ಬೆಟ್ಟವು ಪೂರ್ವದಿಂದ ನೋಡಿದವರಿಗೆ ನಂದಿಯಂತೆ, ಪಶ್ಚಿಮದಿಂದ ಗಣಪತಿಯಂತೆ, ಉತ್ತರದಿಂದ ಹೆಡೆಯೆತ್ತಿದ ಸರ್ಪದಂತೆ, ದಕ್ಷಿಣದಿಂದ ಲಿಂಗದಂತೆ ತೋರುವುದೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ನೆಲಮಂಗಲದ ನಮ್ಮ ಮನೆತನದವರಿಗೆ ವರ್ಷಕ್ಕೊಮ್ಮೆಯಾದರೂ ಬೆಟ್ಟಕ್ಕೆ ಹೋಗಿಬರುವುದು ತಲೆಮಾರುಗಳಿಂದ ಬಂದ ರೂಢಿ. ಅಜ್ಜನವರ ಕಾಲದಲ್ಲಿ ಎತ್ತಿನ ಗಾಡಿಯಾಗಿತ್ತು. ತಂದೆಯವರ ಕಾಲಕ್ಕೆ ಬಸ್ಸು ಬಂತು. ಕಳೆದ ಕಾರ್ತಿಕ ಮಾಸದ ಒಂದು ಭಾನುವಾರ ನಾವು ಹೋದದ್ದು ಬ್ಯಾಟರಿ ಸೈಕಲ್ಲಿನಲ್ಲಿ. ಆ ಪ್ರಯಾಣದಲ್ಲಿ ಆದ ಫಜೀತಿಯನ್ನೂ ಅದರಿಂದ ದೊರೆತ ತಿಳಿವಳಿಕೆಯನ್ನೂ ವಾಚಕ ಬಂಧುಗಳೊಡನೆ ಹಂಚಿಕೊಳ್ಳುವುದು ಉಚಿತವೆಂದು ಭಾವಿಸಿ ಈ ಲೇಖನವನ್ನು ಬರೆಯುತ್ತಿದ್ದೇವೆ.

ನಮಗೆ ಅರವತ್ತು ದಾಟಿದೆ. ಮಂಡಿನೋವಿನ ದೆಸೆಯಿಂದ ಬಹಳ ದೂರ ನಡೆಯಲಾರೆವು. ಆದರೆ ಹಗುರವಾಗಿ ಪೆಡಲು ತುಳಿಯುವುದು ಒಳ್ಳೆಯದೆಂದು ವೈದ್ಯರು ಹೇಳಿದ್ದರು. ಹೀಗಾಗಿ ಮನೆಗೆ ವಿದ್ಯುತ್ ಸೈಕಲ್ ಬಂತು. ಅದರ ಸೊಗಸನ್ನು ಕಂಡು ತಮ್ಮನ ಮಗನೂ ಬೇರೊಂದು ಕಂಪನಿಯ ಸೈಕಲ್ಲನ್ನು ಕೊಂಡ. ಮೋಟಾರಿನ ಬಲ 250 ವ್ಯಾಟಿನೊಳಗೂ ವೇಗ ಗಂಟೆಗೆ 25 ಕಿಲೋಮೀಟರಿನೊಳಗೂ ಇರುವ ಇಂಥ ಸೈಕಲ್ಲುಗಳಿಗೆ ನೋಂದಣಿಯಾಗಲೀ ಲೈಸೆನ್ಸಾಗಲೀ ಬೇಕಿಲ್ಲ. ಎರಡರಲ್ಲೂ ಇದ್ದುದು 36 ವೋಲ್ಟ್, 14 ಆಂಪಿಯರ್ ಅವರಿನ ಲಿಥಿಯಂ ಬ್ಯಾಟರಿ. ಒಮ್ಮೆ ಚಾರ್ಜು ಮಾಡಿದರೆ 60 ಕಿಲೋಮೀಟರ್ ಓಡುವುದೆಂದು ಮಾರಿದವರು ಹೇಳಿದ್ದರು. ಶಿವಗಂಗೆಗೆ ಹೋಗಿಬರುವ ದಾರಿಯೂ ಸುಮಾರು ಅಷ್ಟೇ. ಲೆಕ್ಕ ಸರಿಹೋಯಿತೆಂದು ನಂಬಿ ಹೊರಟುಬಿಟ್ಟೆವು.

ಏರುವ ದಾರಿ

ಬೆಳಗಿನ ಆರು ಗಂಟೆಗೆ ಮಂಜು ಇನ್ನೂ ಕರಗಿರಲಿಲ್ಲ. ತುಮಕೂರಿನ ಹೆದ್ದಾರಿಯಲ್ಲಿ ಲಾರಿಗಳ ಸಾಲು. ನಾವು ಪಕ್ಕದ ಸರ್ವಿಸ್ ರಸ್ತೆಯನ್ನು ಹಿಡಿದೆವು. ಟಿ. ಬೇಗೂರು ದಾಟಿತು, ಸೋಂಪುರದ ಕೈಗಾರಿಕಾ ಪ್ರದೇಶದ ಶೆಡ್ಡುಗಳು ಕಂಡವು, ದಾಬಸ್‌ಪೇಟೆ ಬಂತು. ನಾವು ಸಮತಟ್ಟಿನಲ್ಲಿ ತುಳಿಯುತ್ತ, ಏರಿನಲ್ಲಿ ಮಾತ್ರ ಮೋಟಾರಿನ ನೆರವು ಪಡೆಯುತ್ತಿದ್ದೆವು. ಹುಡುಗನಾದರೋ ಹಿಡಿಯನ್ನು ತಿರುಗಿಸಿ ಕಾಲಾಡಿಸದೆ ಕುಳಿತು, ಮುಂದೆ ಹೋಗಿ ನಿಂತು, "ದೊಡ್ಡಪ್ಪ, ಬೇಗ ಬನ್ನಿ" ಎಂದು ಕೂಗುತ್ತಿದ್ದ. ದಾಬಸ್‌ಪೇಟೆಯಿಂದ ಎಡಕ್ಕೆ ತಿರುಗಿದೊಡನೆ ಬೆಟ್ಟವು ಎದುರಾಯಿತು. ಅಲ್ಲಿಂದ ಮುಂದಿನದು ಏರುದಾರಿ.

ತಪ್ಪಲಿನ ಅಂಗಡಿಯೊಂದರ ಬಳಿ ಸೈಕಲ್ಲುಗಳನ್ನು ನಿಲ್ಲಿಸಿ ಗಂಗಾಧರೇಶ್ವರನ ದರ್ಶನಕ್ಕೆ ನಡೆದೆವು. ಲಿಂಗದ ಮೇಲೆ ಸವರಿದ ತುಪ್ಪವು ಬೆಣ್ಣೆಯಾಗುವುದೆಂದು ಪ್ರಸಿದ್ಧಿಯಿರುವ ಸನ್ನಿಧಿಯಿದು. ಮಕರ ಸಂಕ್ರಾಂತಿಯಂದು ಹೊನ್ನಾದೇವಿಯೊಡನೆ ಸ್ವಾಮಿಯ ಕಲ್ಯಾಣೋತ್ಸವ ನಡೆಯುತ್ತದೆ. ಹುಡುಗನು ಒಳಕಲ್ಲು ತೀರ್ಥದವರೆಗೂ ಹತ್ತಿ, ಬಂಡೆಯ ಕುಳಿಯೊಳಗೆ ಕೈಯಿಳಿಸಿ, ನೀರು ಸಿಕ್ಕಿತೆಂದು ಹಿಗ್ಗುತ್ತ ಬಂದ. ನಾವು ಕೆಳಗಿನ ಮಂಟಪದಲ್ಲಿಯೇ ಕುಳಿತು ಬೆಟ್ಟಕ್ಕೆ ಕೈಮುಗಿದೆವು.

ನಾಲ್ಕು ಗಂಟೆಗಳ ತರುವಾಯ ಮರಳಿ ನೋಡಿದಾಗ ಹುಡುಗನ ಸೈಕಲ್ಲು ಐದರಲ್ಲಿ ಮೂರು ಗೆರೆಗಳನ್ನು ತೋರಿಸುತ್ತಿತ್ತು, ನಮ್ಮದು ನಾಲ್ಕನ್ನು. ಅವನ ಚೀಲದಲ್ಲಿ ಚಾರ್ಜರ್ ಇತ್ತು, ಅಂಗಡಿಯಲ್ಲಿ ಪ್ಲಗ್ಗೂ ಇತ್ತು. "ಅರ್ಧಕ್ಕಿಂತ ಹೆಚ್ಚೇ ಇದೆಯಲ್ಲ ದೊಡ್ಡಪ್ಪ, ಸಾಕು" ಎಂದ. ನಾವೂ ತಲೆಯಾಡಿಸಿದೆವು.

ನಿಂತುಹೋದ ಸೈಕಲ್ಲು

ಮರಳುವಾಗ ಟಿ. ಬೇಗೂರನ್ನು ದಾಟಿ ತುಸುದೂರ ಬಂದಿದ್ದೆವು. ನೆಲಮಂಗಲಕ್ಕೆ ಇನ್ನೂ ಏಳೆಂಟು ಕಿಲೋಮೀಟರ್ ಇದ್ದೀತು. ಸಣ್ಣದೊಂದು ಏರಿನಲ್ಲಿ ಹುಡುಗನ ಸೈಕಲ್ಲು ಸದ್ದಿಲ್ಲದೆ ನಿಂತಿತು. ಆ ಗಳಿಗೆಯವರೆಗೂ ಒಂದು ಗೆರೆ ಕಾಣುತ್ತಿತ್ತು. ಹತ್ತು ನಿಮಿಷ ಕಾದಾಗ ಆ ಗೆರೆಯು ಮತ್ತೆ ಮೂಡಿತು. ಹುಡುಗ ಸಂತೋಷಪಟ್ಟು ಹತ್ತಿದ. ಅರ್ಧ ಕಿಲೋಮೀಟರ್ ಹೋಗುವಷ್ಟರಲ್ಲಿ ಮತ್ತೆ ನಿಂತಿತು. ಹೊತ್ತು ಇಳಿಯುತ್ತಿತ್ತು. ಕತ್ತಲಾದ ಮೇಲೆ ಆ ಹೆದ್ದಾರಿಯ ಮಗ್ಗುಲಲ್ಲಿ ಇಪ್ಪತ್ತೈದು ಕಿಲೋ ತೂಕದ ಸೈಕಲ್ಲನ್ನು ತಳ್ಳಿಕೊಂಡು ಹೋಗುವುದನ್ನು ನೆನೆದೇ ನಮಗೆ ಎದೆ ನಡುಗಿತು. ಮನೆಯಿಂದ ಹುಡುಗನ ತಾಯಿಯ ಫೋನು ಎರಡು ಬಾರಿ ಬಂದಿತ್ತು. ನಮ್ಮ ಬ್ಯಾಟರಿಯಲ್ಲಿ ಸಾಕಷ್ಟು ಉಳಿದಿತ್ತು; ಆದರೆ ಒಂದು ಕಂಪನಿಯ ಬ್ಯಾಟರಿ ಇನ್ನೊಂದರ ಸೈಕಲ್ಲಿಗೆ ಕೂರದು.

ದಾರಿಬದಿಯಲ್ಲಿ ಪಂಕ್ಚರ್ ಅಂಗಡಿಯೊಂದಿತ್ತು. ಅಲ್ಲಿನ ಯುವಕ ಸಹಾಯ ಮಾಡುವ ಮನಸ್ಸಿನಿಂದಲೇ ಹೇಳಿದ: "ಬ್ಯಾಟರಿ ಪೂರ್ತಿ ಖಾಲಿ ಆಗಿಲ್ಲ ಸಾರ್. ಒಳಗಡೆ ಇರೋ ಬೋರ್ಡು ಕಟ್ ಮಾಡ್ತಿದೆ. ಅದನ್ನ ಬೈಪಾಸ್ ಮಾಡಿಬಿಡ್ತೀನಿ, ಆರಾಮಾಗಿ ಊರು ಸೇರ್ಕೋತೀರ." ಹುಡುಗನು ಆಸೆಯಿಂದ ನಮ್ಮ ಮುಖವನ್ನು ನೋಡಿದ. ಯುವಕನ ಮಾತಿನ ಪೂರ್ವಾರ್ಧವು ನಿಜವೇ ಆಗಿತ್ತು. ಒಂದು ಗಳಿಗೆ ನಮ್ಮ ಮನಸ್ಸೂ ಅತ್ತ ಹೊರಳಿತೆಂಬುದನ್ನು ಮರೆಮಾಚಲಾರೆವು. ಆದರೂ ಬೇಡವೆಂದೆವು. ಅದಕ್ಕೆ ಕಾರಣವಿದೆ.

ಆ ಬ್ಯಾಟರಿಯೊಳಗೆ ಹತ್ತು ಸಾಲು ಕೋಶಗಳಿರುತ್ತವೆ. ತುಂಬಿದಾಗ ಒಂದೊಂದು ಕೋಶ 4.2 ವೋಲ್ಟ್, ಒಟ್ಟು 42 ವೋಲ್ಟ್. ಬಳಸುತ್ತ ಹೋದಂತೆ ಇದು ಇಳಿಯುತ್ತದೆ. ಕೋಶವೊಂದಕ್ಕೆ ಸುಮಾರು 3 ವೋಲ್ಟಿನಲ್ಲಿ, ಎಂದರೆ ಒಟ್ಟು 30 ವೋಲ್ಟಿನ ಆಸುಪಾಸಿನಲ್ಲಿ, ಬಿ.ಎಂ.ಎಸ್. ಎಂಬ ಕಾವಲಿನ ಫಲಕವು ವಿದ್ಯುತ್ತನ್ನು ತಡೆಯುತ್ತದೆ. ಹತ್ತರಲ್ಲಿ ಒಂದೇ ಸಾಲು ಬಳಲಿದರೂ ಅದು ತಡೆಯುತ್ತದೆ. ಈ ಮಿತಿಯನ್ನು ಮೀರಿ ಬಹಳ ಕೆಳಗಿಳಿಸಿದರೆ ಕೋಶದೊಳಗಿನ ತಾಮ್ರದ ಹಾಳೆಯು ಕರಗತೊಡಗುತ್ತದೆ. ಮುಂದೆ ಚಾರ್ಜು ಮಾಡುವಾಗ ಆ ತಾಮ್ರವು ಬೇಡದ ಕಡೆ ಕುಳಿತು ಒಳಗೊಳಗೇ ಶಾರ್ಟ್ ಆಗಬಹುದು, ಬೆಂಕಿಯೂ ಹತ್ತಬಹುದು. ರಸ್ತೆಯಲ್ಲಿ ಮಾಡಿದ ತಪ್ಪು ರಾತ್ರಿ ಮನೆಮಂದಿ ಮಲಗಿದ ಮೇಲೆ ನಡುಮನೆಯಲ್ಲಿ ಫಲಿಸಬಹುದೆಂದಾಯಿತು. ಏಳೆಂಟು ಕಿಲೋಮೀಟರ್ ಉಳಿಸಲು ಅಷ್ಟು ಬೆಲೆ ತೆರಲಾದೀತೇ?

ಗೆರೆಗಳು ನಮ್ಮನ್ನು ವಂಚಿಸಿದ್ದೂ ಇದೇ ಕಾರಣದಿಂದ. ಅವು ಸಾಮಾನ್ಯವಾಗಿ ಅಳೆಯುವುದು ವೋಲ್ಟೇಜನ್ನು. ವಿಶ್ರಾಂತಿಯಲ್ಲಿದ್ದಾಗ ವೋಲ್ಟೇಜು ಚೇತರಿಸಿಕೊಂಡು ಮೇಲೆ ನಿಲ್ಲುತ್ತದೆ. ಏರಿನಲ್ಲಿ ಮೋಟಾರು ಜಗ್ಗಿದೊಡನೆ ಕುಸಿಯುತ್ತದೆ. ಬೆಟ್ಟದ ಬುಡದಲ್ಲಿ ಕಂಡ ಮೂರು ಗೆರೆಗಳು ನಾಲ್ಕು ಗಂಟೆ ಸುಧಾರಿಸಿಕೊಂಡ ಬ್ಯಾಟರಿಯ ಗೆರೆಗಳಾಗಿದ್ದವು.

ಅಜ್ಜಿಯ ಜಗಲಿ

ಅಂಗಡಿಯ ಹಿಂದೆ ಒಂದು ಹೆಂಚಿನ ಮನೆ. ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿ ನಮ್ಮ ಪಾಡನ್ನು ಕಂಡು, "ಒಳಗೆ ಬನ್ನಿ ಸ್ವಾಮಿ, ನಮ್ಮನೇಲೂ ಕರೆಂಟೈತೆ" ಎಂದರು. ಚಾರ್ಜರು 2 ಆಂಪಿಯರಿನದು. ಒಂದು ಗಂಟೆಗೆ ಬ್ಯಾಟರಿಯೊಳಗೆ ಸೇರುವುದು ಸುಮಾರು 72 ವ್ಯಾಟ್ ಅವರ್. ಹಗುರವಾಗಿ ತುಳಿಯುತ್ತ ಹೋದರೆ ಊರು ಸೇರಲು ಸಾಕು. ಬೆಲೆಯ ಲೆಕ್ಕದಲ್ಲಿ ಅದು ಒಂದು ಯೂನಿಟ್ಟಿನ ಹತ್ತನೆಯ ಒಂದು ಭಾಗವೂ ಅಲ್ಲ. ಅಜ್ಜಿ ಮಜ್ಜಿಗೆ ಕೊಟ್ಟರು. ಹೊರಡುವಾಗ ನಾವು ಹಣ ಕೊಡಹೋದದ್ದಕ್ಕೆ, "ಬೆಟ್ಟದಿಂದ ಬಂದೋರತ್ರ ಕಾಸಿಸ್ಕೊಂಡ್ರೆ ನಮಗೆ ಒಳ್ಳೇದಾಗುತ್ತಾ?" ಎಂದು ನಕ್ಕುಬಿಟ್ಟರು. ರಾತ್ರಿ ಎಂಟರ ಹೊತ್ತಿಗೆ ಮನೆ ಸೇರಿದೆವು. ಹುಡುಗನು ದಾರಿಯುದ್ದಕ್ಕೂ ಪೆಡಲು ತುಳಿದ!

ಗೃಹಸ್ಥರಿಗೆ ನಾಲ್ಕು ಮಾತು

ಊರಿಗೆ ಬಂದ ಮೇಲೆ ಕುಳಿತು ಲೆಕ್ಕ ಹಾಕಿದೆವು. 36ನ್ನು 14ರಿಂದ ಗುಣಿಸಿದರೆ 504 ವ್ಯಾಟ್ ಅವರ್. ಅದರಲ್ಲಿ ಹತ್ತನೆಯ ಒಂದು ಭಾಗವನ್ನು ಮುಟ್ಟದೆ ಬಿಟ್ಟರೆ ಉಳಿದದ್ದು ಸುಮಾರು 450. ಹುಡುಗನು ಕಿಲೋಮೀಟರಿಗೆ ಸುಮಾರು 9 ಖರ್ಚು ಮಾಡಿದ್ದ. ಎಂದರೆ 50 ಕಿಲೋಮೀಟರಿಗೆ ಮುಗಿಯಿತು. ನಾವು ತುಳಿದದ್ದರಿಂದ ನಮಗೆ 6 ಸಾಕಾಗಿತ್ತು. ಸವಾರ ಮತ್ತು ಸೈಕಲ್ಲು ಸೇರಿ 110 ಕಿಲೋ ಇದ್ದರೆ, ನೂರು ಮೀಟರ್ ಎತ್ತರ ಏರಲು ಮಾತ್ರವೇ ಸುಮಾರು 40 ವ್ಯಾಟ್ ಅವರ್ ಬೇಕು. ಅದು ಸಮತಟ್ಟಿನ ನಾಲ್ಕೈದು ಕಿಲೋಮೀಟರ್ ಓಟಕ್ಕೆ ಸಮ. ಇಳಿಜಾರಿನಲ್ಲಿ ಅದು ಮರಳಿ ತುಂಬುವ ಏರ್ಪಾಡು ಬಹುತೇಕ ಸೈಕಲ್ಲುಗಳಲ್ಲಿ ಇಲ್ಲ. ಆದ್ದರಿಂದ ಮಾರುವವರು ಹೇಳಿದ ದೂರದಲ್ಲಿ ಮೂರನೆಯ ಎರಡು ಭಾಗವನ್ನು ಮಾತ್ರ ನಂಬಿ ಹೊರಡುವುದು ಕ್ಷೇಮ.

ಈ ಲಿಥಿಯಂ ಬ್ಯಾಟರಿಗಳು ಮಾರುಕಟ್ಟೆಗೆ ಬಂದದ್ದು 1991ರಲ್ಲಿ. ಅವುಗಳಿಗೆ ತಳಹದಿ ಹಾಕಿದ ಮೂವರು ವಿಜ್ಞಾನಿಗಳಿಗೆ 2019ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಎಷ್ಟು ದೊಡ್ಡ ಶೋಧವಾದರೂ ಅದನ್ನು ಕಾಪಾಡುವುದು ಸಣ್ಣ ಸಣ್ಣ ಎಚ್ಚರಗಳೇ. ಪೂರ್ತಿ ಬರಿದಾಗುವ ಮೊದಲೇ ಚಾರ್ಜು ಮಾಡಬೇಕು. ಬಿಸಿಲಲ್ಲಿ ಓಡಿ ಕಾದ ಬ್ಯಾಟರಿಯನ್ನು ಆರಲು ಬಿಟ್ಟು ಅನಂತರ ಚಾರ್ಜಿಗೆ ಹಾಕಬೇಕು. ರಾತ್ರಿ ಮಲಗುವ ಕೋಣೆಯಲ್ಲಾಗಲೀ ಹೊರಬಾಗಿಲಿಗೆ ಅಡ್ಡವಾಗಲೀ ಚಾರ್ಜಿಗಿಡಬಾರದು. ತಿಂಗಳುಗಟ್ಟಲೆ ಬಳಸುವುದಿಲ್ಲವಾದರೆ ಅರ್ಧದಷ್ಟು ತುಂಬಿಸಿ ತಂಪಾದ ಕಡೆ ಇಡಬೇಕು. ಹಳೆಯ ಸೀಸದ ಬ್ಯಾಟರಿಯಾದರೆ ಕ್ರಮ ಬೇರೆ. ಅದನ್ನು ತುಂಬಿಸಿಯೇ ಇಡಬೇಕು, ಅರ್ಧಕ್ಕಿಂತ ಕೆಳಗಿಳಿಸದಿದ್ದರೆ ಬಾಳಿಕೆ ಹೆಚ್ಚು.

ಆ ರಾತ್ರಿ ಊಟಕ್ಕೆ ಕುಳಿತಾಗ ನಮಗೆ ಅಜ್ಜನವರ ಗಾಡಿಯ ನೆನಪಾಯಿತು. ಶಿವಗಂಗೆಯ ದಾರಿಯಲ್ಲಿ ಎತ್ತಿನ ಬಾಯಲ್ಲಿ ನೊರೆ ಕಂಡರೆ ಅವರು ನೊಗ ಇಳಿಸಿ, ನೀರು ಕುಡಿಸಿ, ಹುಲ್ಲು ಹಾಕಿ, ಮರದ ನೆರಳಲ್ಲಿ ಕೂರುತ್ತಿದ್ದರಂತೆ. ಇನ್ನೂ ನಾಲ್ಕು ಹೆಜ್ಜೆ ಎಳೆಯುವ ಶಕ್ತಿ ಎತ್ತಿಗೆ ಇದ್ದೇ ಇತ್ತು. ಅದನ್ನು ಹಿಂಡಿ ತೆಗೆಯಬಾರದೆಂಬುದು ಅವರ ಧರ್ಮವಾಗಿತ್ತು. ಇದನ್ನು ಹೇಳಿದಾಗ ಹುಡುಗನು ಸುಮ್ಮನೆ ಕೇಳಿದ. ಮರುದಿನ ಬೆಳಿಗ್ಗೆ ನೋಡಿದರೆ ಗೋಡೆಯ ಕ್ಯಾಲೆಂಡರಿನ ಅಂಚಿನಲ್ಲಿ ಬರೆದಿಟ್ಟಿದ್ದ: "ಒಂದು ಚಾರ್ಜಿಗೆ 40 ಕಿ.ಮೀ. ಮಾತ್ರ." ಸಂಕ್ರಾಂತಿಗೆ ಮತ್ತೆ ಬೆಟ್ಟಕ್ಕೆ ಹೋಗುವುದೆಂದು ನಿಶ್ಚಯಿಸಿದ್ದೇವೆ. ದಾರಿಯಲ್ಲಿ ಅಜ್ಜಿಯ ಜಗಲಿಗೆ ಒಂದು ಬುಟ್ಟಿ ಬಾಳೆಹಣ್ಣು ಇಳಿಸಿ ಹೋಗುವುದಿದೆ.