ನೂಲಿನಂತೆ ಸೀರೆ, ಹಿಟ್ಟಿನಂತೆ ಬಿಸ್ಕತ್ತು

ನಮ್ಮ ಮಾವ ಬಿನ್ನಿ ಮಿಲ್ಲಿನ ನೇಯ್ಗೆ ಖಾತೆಯಲ್ಲಿದ್ದವರು. ಹಾಗಾಗಿ ಬಟ್ಟೆ ನೋಡುವ ವಿದ್ಯೆ ಅತ್ತೆಗೆ ಮನೆಯಲ್ಲೇ ಸಿಕ್ಕಿತ್ತು. ಚಿಕ್ಕಪೇಟೆಯ ಅಂಗಡಿಯವನು ಎಂಥ ಹೊಳೆಯುವ ಥಾನನ್ನೇ ಬಿಚ್ಚಿ ಹರಡಲಿ, ಅವರ ಕೈ ಹೋಗುವುದು ಅಂಚಿಗೆ. ಮಿಲ್ಲಿನ ಹೆಸರು, ಹತ್ತಿ ಎಷ್ಟು, ಪಾಲಿಯೆಸ್ಟರ್ ಎಷ್ಟು ಎಂಬ ಮುದ್ರೆ ಇರುವುದು ಅಲ್ಲೇ ತಾನೆ. ಅಕ್ಷರ ಇಂಗ್ಲಿಷಿನದಾದರೆ ಅಂಗಡಿಯವನ ಬಾಯಲ್ಲೇ ಓದಿಸುತ್ತಿದ್ದರು. ‘ತಾಯಿಯಂತೆ ಮಗಳು, ನೂಲಿನಂತೆ ಸೀರೆ’ ಎಂಬ ಗಾದೆಯ ಎರಡನೇ ಅರ್ಧವನ್ನು ಅವರಷ್ಟು ನಂಬಿದವರನ್ನು ನಾನು ಕಂಡಿಲ್ಲ. ಮೊದಲರ್ಧವನ್ನು ಸೊಸೆಯ ಮುಂದೆ ಹೇಳದಿರುವಷ್ಟು ಜಾಣತನವೂ ಅವರಿಗಿತ್ತು.

ಇಂಥ ಹೆಂಗಸು ದಿನಸಿ ಅಂಗಡಿಯಲ್ಲಿ ಏನನ್ನೂ ತಿರುಗಿಸಿ ನೋಡಿದವರಲ್ಲ. ನೋಡಲು ಇತ್ತಾದರೂ ಏನು? ಬೇಳೆ, ಬೆಲ್ಲ ಎಲ್ಲ ಹಳೇ ಪೇಪರಿನ ಪೊಟ್ಟಣದಲ್ಲಿ ಬರುತ್ತಿತ್ತು. ಬಿಚ್ಚಿ ಓದಿದರೆ ಅರ್ಧ ಹರಿದ ಚುನಾವಣೆ ಸುದ್ದಿ, ಇಲ್ಲವೇ ಮೆಜೆಸ್ಟಿಕ್ ಟಾಕೀಸುಗಳ ಜಾಹೀರಾತು. ಒಳಗಿನ ಸಾಮಾನಿಗೆ ಅಂಗಡಿ ಶೆಟ್ಟರ ಮುಖವೇ ಲೇಬಲ್ಲು.

1884ರಲ್ಲಿ ಶುರುವಾಗಿ, ಎರಡು ವರ್ಷಕ್ಕೆ ಬಿನ್ನಿ ಕಂಪನಿಯ ಕೈಗೆ ಬಂದು, ಪೇಟೆಗೆ ತನ್ನ ಹೆಸರನ್ನೇ ಕೊಟ್ಟ ಆ ಮಿಲ್ಲು ಈಗಿಲ್ಲ. ಮಗ್ಗಗಳು ಸದ್ದು ಮಾಡುತ್ತಿದ್ದ ನೆಲದಲ್ಲಿ ಮಾಲ್ ಇದೆ, ಕತ್ತೆತ್ತಿ ನೋಡಬೇಕಾದ ಅಪಾರ್ಟ್‌ಮೆಂಟುಗಳಿವೆ. ಶೆಟ್ಟರ ಅಂಗಡಿಯಲ್ಲೂ ಪೊಟ್ಟಣ ಹೋಗಿ ಪ್ಯಾಕೆಟ್ ಬಂದಿದೆ.

ಅತ್ತೆಗೆ ಶುಗರ್ ಬಂದ ಮೇಲೆ ಪ್ಯಾಕೆಟ್ಟಿನ ಬೆನ್ನು ಓದುವ ಕೆಲಸ ನನ್ನ ಪಾಲಿಗೆ ಬಂತು. ಹೊತ್ತಾರೆ ಕಾಫಿ ಜೊತೆ ಬಿಸ್ಕತ್ತು ಬಿಡಲು ಅವರು ಸುತರಾಂ ಒಪ್ಪಲಿಲ್ಲ. ‘ರಾಗಿದು ತಗೊಂಡು ಬಾ, ರಾಗಿಗೇನು ದೋಷ’ ಎಂದರು. ತಂದೆ. ಮುಖದ ಮೇಲೆ ಕೊಬ್ಬಿದ ರಾಗಿ ತೆನೆಯ ಚಿತ್ರ. ಹಿಂದೆ ತಿರುಗಿಸಿದರೆ ಮೊದಲ ಹೆಸರು ಮೈದಾ, ಎರಡನೆಯದು ಸಕ್ಕರೆ, ಮೂರನೆಯದು ತಾಳೆ ಎಣ್ಣೆ. ರಾಗಿ ಎಲ್ಲೋ ಆಮೇಲೆ, ಒಂದಂಕಿಯ ಶೇಕಡಾವಾರು ಹೊತ್ತು ನಿಂತಿತ್ತು.

‘ಏನು ಬರೆದಿದಾರಮ್ಮಾ?’

‘ಮೈದಾ ಅತ್ತೆ.’

‘ಮತ್ತೆ ತೆನೆ ಹಾಕಿದಾರಲ್ಲ?’

‘ಅದು ಮುಂದೆ ಅತ್ತೆ. ಇದು ಹಿಂದೆ.’

ಮುಂದಿನದು ಕಂಪನಿಯ ಇಷ್ಟ, ಹಿಂದಿನದು ಸರ್ಕಾರದ ಒತ್ತಾಯ. ಇಷ್ಟು ತಿಳಿದರೆ ಅರ್ಧ ಓದಿದ ಹಾಗೆ. ಪದಾರ್ಥಗಳನ್ನು ತೂಕದಲ್ಲಿ ಹೆಚ್ಚಿನದರಿಂದ ಕಡಿಮೆಯ ಕಡೆಗೆ ಬರೆಯಬೇಕು. ತೆನೆಯ ಚಿತ್ರ ಹಾಕಿ ಮೆರೆಸಿದರೆ ಅದು ಶೇಕಡಾ ಎಷ್ಟಿದೆ ಎಂದೂ ಹೇಳಬೇಕು. ಕಲಬೆರಕೆ ತಡೆ ಕಾಯ್ದೆ 1954ರದು. ಹಸಿರು ಚುಕ್ಕೆ ಬಂದದ್ದು 2001ರಲ್ಲಿ. ಕ್ಯಾಲರಿ, ಸಕ್ಕರೆ, ಕೊಬ್ಬಿನ ಪಟ್ಟಿ ಕಡ್ಡಾಯವಾದದ್ದು 2008ರ ತಿದ್ದುಪಡಿಯಿಂದ. ಜವಳಿಯ ಅಂಚು ಕಲಿಸಿದ ಪಾಠವನ್ನು ತಿಂಡಿ ಬಹಳ ತಡವಾಗಿ ಕಲಿಯಿತು.

ಪಟ್ಟಿಯಲ್ಲಿ ಕಣ್ಕಟ್ಟು ಇರುವುದು ‘ಒಂದು ಸರ್ವಿಂಗ್’ ಎಂಬಲ್ಲಿ. ಅದು ಒಂದೋ ಎರಡೋ ಬಿಸ್ಕತ್ತಿನ ಲೆಕ್ಕ. ಎರಡು ಬಿಸ್ಕತ್ತಿಗೆ ಪ್ಯಾಕೆಟ್ ಮಡಚಿಟ್ಟವರು ಬಿನ್ನಿಪೇಟೆಯಲ್ಲಿ ಯಾರಿದ್ದಾರೆ? ನಾನು 100 ಗ್ರಾಮಿನ ಸಾಲನ್ನೇ ನೋಡುತ್ತೇನೆ. ಪಕ್ಕದಲ್ಲಿ ಕೊಡುವ ಶೇಕಡಾವಾರು ದಿನಕ್ಕೆ 2000 ಕಿಲೋಕ್ಯಾಲರಿ ತಿನ್ನುವ ಮನುಷ್ಯನದು: ಹೊರಗಿನಿಂದ ಸೇರಿಸಿದ ಸಕ್ಕರೆ 50 ಗ್ರಾಂ, ಸೋಡಿಯಂ 2000 ಮಿಲಿಗ್ರಾಂ. ಒಂದು ಮುದ್ದೆ, ಒಂದು ಸೌಟು ಸಾರಿಗೆ ಏಳುವ ನಮ್ಮತ್ತೆ ಆ ಮನುಷ್ಯ ಅಲ್ಲ. ಇನ್ನು ಸೋಡಿಯಂ ಅಂದರೆ ಉಪ್ಪೇ ಅಲ್ಲ. ಎರಡೂವರೆಯಿಂದ ಗುಣಿಸಿದರೆ ಉಪ್ಪು ಸಿಗುತ್ತದೆ. 2000 ಮಿಲಿಗ್ರಾಂ ಸೋಡಿಯಂ ಎಂದರೆ 5 ಗ್ರಾಂ ಉಪ್ಪು, ಹೆಚ್ಚು ಕಡಿಮೆ ಒಂದು ಟೀ ಚಮಚ. ಕಾಂಡಿಮೆಂಟ್ಸ್ ಅಂಗಡಿಯ ನಿಪ್ಪಟ್ಟು, ಕೋಡುಬಳೆ ಕವರುಗಳ ಮೇಲೆ ಹಲವು ಸಲ ಈ ಸಾಲೂ ಇರುವುದಿಲ್ಲ. ಅಲ್ಲಿ ಇವತ್ತಿಗೂ ಶೆಟ್ಟರ ಮುಖವೇ ಗತಿ.

ಇಷ್ಟು ಲೆಕ್ಕ ಹಾಕಿ ಯಾರು ತಿನ್ನುತ್ತಾರೆ? ಸತ್ಯವಾಗಿ ಹೇಳಬೇಕೆಂದರೆ, ಯಾರೂ ಇಲ್ಲ. ಸಂಜೆ ಅಂಗಡಿಯ ನೂಕುನುಗ್ಗಲಿನಲ್ಲಿ ಇರುವೆಯಂಥ ಅಕ್ಷರ ಓದುತ್ತ ನಿಂತರೆ ಹಿಂದಿನವರು ‘ಬೇಗ ತಗೊಳ್ಳಿ ಮೇಡಂ’ ಎನ್ನುತ್ತಾರೆ. ಅದೇ ಬೆಳಗಿನ ಹೊತ್ತು ನಂದಿನಿ ಬೂತಿನ ಮುಂದೆ ನಿಂತು ನೋಡಿ. ‘ಎರಡು ನೀಲಿ, ಒಂದು ಆರೆಂಜ್’ ಎಂದು ಮಕ್ಕಳೂ ಕೇಳುತ್ತಾರೆ. ನೀಲಿಯಲ್ಲಿ ಕೊಬ್ಬು ಶೇ 3, ಆರೆಂಜ್ ಶುಭಂನಲ್ಲಿ ಶೇ 4.5. ಅಂಕಿ ಗೊತ್ತಿಲ್ಲದವರಿಗೂ ಯಾವುದು ತೆಳು, ಯಾವುದು ಗಟ್ಟಿ ಎಂಬುದು ಗೊತ್ತು. ಅತ್ತೆ ಶುಗರ್ ಬಂದ ಮಾರನೆಯ ವಾರವೇ ಯಾರನ್ನೂ ಕೇಳದೆ ಆರೆಂಜಿನಿಂದ ನೀಲಿಗೆ ಬದಲಾದರು. ಚಿಲಿ ದೇಶ 2016ರಿಂದ ಸಕ್ಕರೆ, ಉಪ್ಪು, ಕೊಬ್ಬು ಮಿತಿಮೀರಿದ ಪ್ಯಾಕೆಟ್ಟುಗಳ ಮುಖಕ್ಕೇ ಎಂಟು ಮೂಲೆಯ ಕಪ್ಪು ಮುದ್ರೆ ಒತ್ತುತ್ತಿದೆ. ನಮ್ಮಲ್ಲಿ ನಕ್ಷತ್ರ ಕೊಡುವ ಕರಡು 2022ರಲ್ಲಿ ಬಂತು. ಅಷ್ಟು ಸಿಹಿ ತುಂಬಿದ್ದಕ್ಕೂ ನಕ್ಷತ್ರವೇ ಎಂಬ ತಕರಾರೂ ಜೊತೆಗೇ ಬಂತು. ನನ್ನ ವೋಟು ಕಪ್ಪು ಮುದ್ರೆಗೆ. ಶುಗರ್ ಇದ್ದವರಿಗೆ ಬೇಕಾದದ್ದು ಬಹುಮಾನವಲ್ಲ, ಎಚ್ಚರಿಕೆ.

ಭಾಷೆಯದು ಬೇರೆಯೇ ಗೋಳು. ಅತ್ತೆ ದಿನಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯವರೆಗೆ ಓದುವವರು. ಬಿಸ್ಕತ್ತಿನ ಬೆನ್ನು ಮಾತ್ರ ಅವರಿಗೆ ಓದಲು ಬಾರದು. ಲೇಬಲ್ಲಿನ ವಿವರ ಇಂಗ್ಲಿಷಿನಲ್ಲಿ ಅಥವಾ ದೇವನಾಗರಿ ಹಿಂದಿಯಲ್ಲಿ ಇದ್ದರೆ ಸಾಕು ಎನ್ನುತ್ತದೆ ಕೇಂದ್ರದ ನಿಯಮ. ಜೊತೆಗೆ ಕನ್ನಡವನ್ನೂ ಹಾಕುತ್ತೇವೆ ಎನ್ನುವ ಕಂಪನಿಯನ್ನು ಅದೇ ನಿಯಮ ಎಲ್ಲೂ ತಡೆದಿಲ್ಲ.